ಹೃದಯದ ವಿದ್ಯುತ್ ನಕ್ಷೆ ಹೊಂದಿಕೆಯಾಗದಿದ್ದಾಗ: ಕ್ಯಾಥೆಟರ್ ಮಾಪನದ ದೋಷ ನಿವಾರಣೆ ಕೈಪಿಡಿ

ಹೃದಯದ ಲಯ ತಪ್ಪಿದಾಗ ಅದರ ಮೂಲವನ್ನು ಹುಡುಕಲು, ತೊಡೆಸಂದಿನ ರಕ್ತನಾಳದ ಮೂಲಕ ಕ್ಯಾಥೆಟರುಗಳೆಂಬ ತೆಳು ಕೊಳವೆಗಳನ್ನು ಹೃದಯದೊಳಕ್ಕೆ ಕಳುಹಿಸಿ, ತುದಿಯ ಎಲೆಕ್ಟ್ರೋಡುಗಳು ಮುಟ್ಟಿದ ಪ್ರತಿಯೊಂದು ಜಾಗದ ವಿದ್ಯುತ್ ಸಿಗ್ನಲನ್ನು ಅಳೆದು, ಆ ಅಳತೆಗಳನ್ನೆಲ್ಲ ಮೂರು ಆಯಾಮದ ಬಣ್ಣದ ನಕ್ಷೆಯಾಗಿ ಪರದೆಯ ಮೇಲೆ ಜೋಡಿಸಲಾಗುತ್ತದೆ. ನಕ್ಷೆಯನ್ನು ಓದುವುದನ್ನು ಕಲಿಸುವ ಪುಸ್ತಕಗಳು ಸಾಕಷ್ಟಿವೆ. ನಕ್ಷೆಯೇ ಕೆಟ್ಟಾಗ, ಅಂದರೆ ಬಣ್ಣಗಳು ಒಂದಕ್ಕೊಂದು ಹೊಂದದೆ ಚೂರುಚೂರಾಗಿ ಕಾಣುವಾಗ ಅಥವಾ ಚೆನ್ನಾಗಿ ಹೊಂದಿಕೊಂಡಂತೆ ಕಂಡರೂ ಅದು ತೋರಿಸಿದ ಜಾಗದಲ್ಲಿ ಚಿಕಿತ್ಸೆ ಫಲಿಸದಿರುವಾಗ, ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದು ಈ ಬರಹದ ವಿಷಯ. ಇ.ಪಿ. ಲ್ಯಾಬಿನಲ್ಲಿ, ಅಂದರೆ ಹೃದಯದ ವಿದ್ಯುತ್ ಚಟುವಟಿಕೆಯನ್ನು ಪರೀಕ್ಷಿಸುವ ಕೋಣೆಯಲ್ಲಿ, ಕೆಲಸ ಮಾಡುವ ತಂತ್ರಜ್ಞರು, ಬಯೋಮೆಡಿಕಲ್ ಎಂಜಿನಿಯರುಗಳು ಮತ್ತು ತರಬೇತಿಯಲ್ಲಿರುವ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಚಿಕಿತ್ಸೆಯ ತೀರ್ಮಾನ ಎಂದಿಗೂ ಶಸ್ತ್ರಕ್ರಿಯೆ ನಡೆಸುತ್ತಿರುವ ವೈದ್ಯರದೇ.

ನಕ್ಷೆಯ ಒಂದು ಬಿಂದುವಿನಲ್ಲಿ ಮೂರು ಮಾಹಿತಿಗಳು ಸೇರಿರುತ್ತವೆ: ಕ್ಯಾಥೆಟರಿನ ತುದಿ ಎಲ್ಲಿತ್ತು, ಅಲ್ಲಿಗೆ ವಿದ್ಯುತ್ ಅಲೆ ಎಷ್ಟು ಹೊತ್ತಿಗೆ ಬಂತು, ಮತ್ತು ಆ ಸಿಗ್ನಲಿನ ಎತ್ತರ ಎಷ್ಟು ಮಿಲಿವೋಲ್ಟ್. ಈ ಮೂರೂ ಮೂರು ಬೇರೆ ದಾರಿಗಳಿಂದ ಬರುತ್ತವೆ. ಜಾಗವನ್ನು ಅಯಸ್ಕಾಂತ ಕ್ಷೇತ್ರ ಅಥವಾ ದೇಹದ ವಿದ್ಯುತ್ ಪ್ರತಿರೋಧವನ್ನು ಅಳೆಯುವ ವ್ಯವಸ್ಥೆ ಹೇಳುತ್ತದೆ. ಹೊತ್ತನ್ನು ಮತ್ತೊಂದು ಸ್ಥಿರ ಕ್ಯಾಥೆಟರಿನ ಸಿಗ್ನಲಿಗೆ ಹೋಲಿಸಿ ತಂತ್ರಾಂಶ ಲೆಕ್ಕ ಹಾಕುತ್ತದೆ. ಎತ್ತರವನ್ನು ಆಂಪ್ಲಿಫೈಯರ್ ಮತ್ತು ಫಿಲ್ಟರುಗಳು ನಿರ್ಧರಿಸುತ್ತವೆ. ಈ ಮೂರರಲ್ಲಿ ಯಾವುದು ಕೆಟ್ಟರೂ ಪರದೆಯ ಮೇಲೆ ಕಾಣಿಸುವುದು ಬಣ್ಣದ ಗೊಂದಲವೇ. ಆದ್ದರಿಂದ ಬಣ್ಣವನ್ನು ನೋಡುತ್ತಾ ಬಣ್ಣದ ಅಳತೆಪಟ್ಟಿಯನ್ನು ಎಳೆದಾಡುವುದರಿಂದ ದೋಷ ಸಿಗುವುದಿಲ್ಲ. ಬಣ್ಣದಿಂದ ಬಿಂದುವಿಗೆ, ಬಿಂದುವಿನಿಂದ ಅದರ ಹಿಂದಿರುವ ಮೂಲ ಸಿಗ್ನಲಿಗೆ ಹಿಂದಿರುಗಿ ಹೋಗಬೇಕು. ನನ್ನ ಅನುಭವದಲ್ಲಿ ಅಂದವಾಗಿ ಬಣ್ಣ ತುಂಬಿಕೊಂಡ ತಪ್ಪು ನಕ್ಷೆಯೇ ಹೆಚ್ಚು ಅಪಾಯಕಾರಿ, ಏಕೆಂದರೆ ಅಂಥದನ್ನು ಯಾರೂ ಪ್ರಶ್ನಿಸುವುದಿಲ್ಲ.

ಮೊದಲು ದೋಷದ ವ್ಯಾಪ್ತಿ

ಯಾವ ತಂತಿಯನ್ನೂ ಮುಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಕೆಟ್ಟಿರುವುದು ಎಷ್ಟು? ಪರದೆಯ ಎಲ್ಲ ಸಿಗ್ನಲ್ ಸಾಲುಗಳೂ ಕೆಟ್ಟಿವೆಯೋ, ಒಂದೇ ಕ್ಯಾಥೆಟರಿನ ಸಾಲುಗಳೋ, ಆ ಕ್ಯಾಥೆಟರಿನ ಒಂದೇ ಎಲೆಕ್ಟ್ರೋಡ್ ಜೋಡಿಯೋ, ಅಥವಾ ಸಿಗ್ನಲುಗಳೆಲ್ಲ ಸ್ವಚ್ಛವಾಗಿದ್ದು ನಕ್ಷೆ ಮಾತ್ರ ಕೆಟ್ಟಿದೆಯೋ? ಎಲ್ಲವೂ ಕೆಟ್ಟಿದ್ದರೆ ದೋಷ ರೋಗಿಯ ಮೈಮೇಲಿನ ಎಲೆಕ್ಟ್ರೋಡುಗಳಲ್ಲಿ, ಅರ್ಥಿಂಗಿನಲ್ಲಿ ಅಥವಾ ಕೋಣೆಯ ಬೇರೆ ಉಪಕರಣದಲ್ಲಿದೆ. ಒಂದೇ ಕ್ಯಾಥೆಟರ್ ಆಗಿದ್ದರೆ ಅದರ ಕೇಬಲ್ ಅಥವಾ ಕೇಬಲಿನ ಪಿನ್ನುಗಳನ್ನು ಚುಚ್ಚುವ ಪಿನ್ ಬಾಕ್ಸ್. ಒಂದೇ ಜೋಡಿಯಾದರೆ ಒಂದು ಎಲೆಕ್ಟ್ರೋಡ್ ಅಥವಾ ಒಂದು ಪಿನ್. ಸಿಗ್ನಲುಗಳು ಸರಿಯಿದ್ದು ನಕ್ಷೆ ಮಾತ್ರ ತಪ್ಪಿದ್ದರೆ ಕಾಲದ ಲೆಕ್ಕ, ಜಾಗದ ಲೆಕ್ಕ ಅಥವಾ ಲಯದ ಬದಲಾವಣೆ. ಈ ಒಂದು ನಿಮಿಷದ ವಿಂಗಡಣೆಯನ್ನು ಬಿಟ್ಟು ನೇರವಾಗಿ ಕೇಬಲ್ ಬದಲಿಸಲು ಹೊರಟವರು ಸರಿಯಿದ್ದ ಜೋಡಣೆಯನ್ನೂ ಸಡಿಲಿಸಿ ಎರಡನೆಯ ದೋಷವೊಂದನ್ನು ಸೇರಿಸುತ್ತಾರೆ.

ಸಿಗ್ನಲಿನಲ್ಲಿ ಗದ್ದಲ

ನಮ್ಮ ದೇಶದ ವಿದ್ಯುತ್ ಸರಬರಾಜು 50 ಹರ್ಟ್ಸ್ ಆಗಿರುವುದರಿಂದ ಅದು ಸಿಗ್ನಲಿಗೆ ಬೆರೆಸುವ ಗದ್ದಲ, ಅಂದರೆ ಹಮ್, ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಒಂದು ಅಲೆಯಾಗಿ ಕಾಣುತ್ತದೆ. ಸೆಕೆಂಡಿಗೆ 200 ಮಿಲಿಮೀಟರ್ ವೇಗದಲ್ಲಿ ಓಡುವ ಪರದೆಯಲ್ಲಿ ಅದು ಸರಿಯಾಗಿ 4 ಮಿಲಿಮೀಟರಿಗೆ ಒಂದು. ಹೃದಯದ ಗಾಯದ ಭಾಗದಿಂದ ಬರುವ ಚೂರುಚೂರಾದ ಸಿಗ್ನಲುಗಳೂ ಮೊದಲ ನೋಟಕ್ಕೆ ಹಮ್‌ನಂತೆಯೇ ಕಾಣಬಹುದು. ಆದರೆ ಅವು ಬಡಿತಕ್ಕೆ ಕಟ್ಟುಬಿದ್ದಿರುತ್ತವೆ, ಹಮ್ ಬಡಿತವನ್ನು ಲೆಕ್ಕಿಸದೆ ಒಂದೇ ಸಮನೆ ಓಡುತ್ತದೆ. ಕ್ಯಾಲಿಪರ್ ಇಟ್ಟು ಅಳೆದರೆ ಸಂಶಯ ತೀರುತ್ತದೆ.

ಹಮ್ ಎಲ್ಲಿಂದ ಬಂತು ಎಂಬುದನ್ನು ಅದು ಯಾವ ಸಾಲುಗಳಲ್ಲಿ ಕಾಣುತ್ತಿದೆ ಎಂಬುದೇ ಹೇಳುತ್ತದೆ. ಬೈಪೋಲಾರ್ ಸಾಲುಗಳು ಸ್ವಚ್ಛವಾಗಿದ್ದು ಯುನಿಪೋಲಾರ್ ಸಾಲುಗಳು ಮತ್ತು ಎದೆಯ ಮೇಲಿನ ವಿ ಲೀಡುಗಳು ಮಾತ್ರ ಕೆಟ್ಟಿದ್ದರೆ, ತಪ್ಪು ಬಹುಪಾಲು ಕೈ ಅಥವಾ ಎಡಗಾಲಿನ ಒಂದು ಎಲೆಕ್ಟ್ರೋಡಿನಲ್ಲಿದೆ. ಯುನಿಪೋಲಾರ್ ಸಿಗ್ನಲನ್ನು ಅಳೆಯುವುದು ಎರಡು ಕೈ ಮತ್ತು ಎಡಗಾಲಿನ ಸರಾಸರಿಯಾದ ವಿಲ್ಸನ್ ಕೇಂದ್ರಬಿಂದುವಿಗೆ ಹೋಲಿಸಿ. ಆ ಮೂರರಲ್ಲಿ ಒಂದು ಸಡಿಲವಾದರೂ ಸರಾಸರಿಯೇ ಕೆಡುತ್ತದೆ. ಬೈಪೋಲಾರ್ ಎಂದರೆ ಅಕ್ಕಪಕ್ಕದ ಎರಡು ಎಲೆಕ್ಟ್ರೋಡುಗಳ ವ್ಯತ್ಯಾಸವಾದ್ದರಿಂದ ಎರಡಕ್ಕೂ ಸಮಾನವಾದ ಆ ಕೊಳೆ ಕಳೆದುಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಕೆಳ ಮಹಾಸಿರೆಯಲ್ಲಿ ಒಂದು ಎಲೆಕ್ಟ್ರೋಡನ್ನು ಇಟ್ಟು ಅದನ್ನೇ ಯುನಿಪೋಲಾರ್ ಹೋಲಿಕೆಗೆ ಬಳಸುವ ಪದ್ಧತಿ ಇದೆ. ಯುನಿಪೋಲಾರ್ ಸಿಗ್ನಲಿನ ಮೇಲೆ ತೀರ್ಮಾನ ನಿಂತಿರುವ ದಿನ ಆ ಶ್ರಮ ಸಾರ್ಥಕ. ಬೈಪೋಲಾರ್ ಸೇರಿದಂತೆ ಎಲ್ಲವೂ ಒಟ್ಟಿಗೆ ಕೆಟ್ಟಿದ್ದರೆ ಮಾತ್ರ ಬಲಗಾಲಿನ ಎಲೆಕ್ಟ್ರೋಡನ್ನು ಮೊದಲು ನೋಡಿ, ಏಕೆಂದರೆ ಇಡೀ ದೇಹಕ್ಕೆ ಸಮಾನವಾದ ಗದ್ದಲವನ್ನು ತಗ್ಗಿಸುವ ಕೆಲಸ ಅದರದು. ಒಣಗಿದ ಜೆಲ್, ಬೆವರು, ಸರಿಯಾಗಿ ಒರೆಸದ ಎಣ್ಣೆ ಚರ್ಮ ಇವೇ ಬಹುತೇಕ ಕಾರಣಗಳು. ನಂತರ ಇನ್ಫ್ಯೂಷನ್ ಪಂಪ್, ರೋಗಿಯನ್ನು ಬೆಚ್ಚಗಿಡುವ ಉಪಕರಣ, ಮೇಜಿನ ಮೋಟಾರು ಇವುಗಳನ್ನು ಒಂದೊಂದಾಗಿ ಪ್ಲಗ್‌ನಿಂದ ತೆಗೆದು ನೋಡಬೇಕು. ಬ್ಯಾಟರಿಯಿರುವ ಪಂಪ್ ಆದರೆ ಪ್ಲಗ್ ತೆಗೆದರೂ ನಿಲ್ಲದೆ ಓಡುತ್ತದೆ, ಆದ್ದರಿಂದ ಔಷಧ ನಿಲ್ಲಿಸದೆಯೇ ಪರೀಕ್ಷಿಸಬಹುದು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಹಮ್ ಹೋಗಲೆಂದು ಯಾವ ಉಪಕರಣದ ಅರ್ಥಿಂಗನ್ನೂ ಕಳಚಬಾರದು. ಸಾಮಾನ್ಯ ರೋಗಿಗೆ ಚರ್ಮದ ಪ್ರತಿರೋಧ ರಕ್ಷಣೆಯಾಗಿರುತ್ತದೆ. ಹೃದಯದೊಳಗೆ ಲೋಹದ ಎಲೆಕ್ಟ್ರೋಡ್ ಇರುವವರಿಗೆ ಆ ರಕ್ಷಣೆ ಇಲ್ಲ. ಹೃದಯಕ್ಕೆ ನೇರ ಸಂಪರ್ಕವಿರುವ ಸಿ.ಎಫ್. ವರ್ಗದ ಭಾಗಗಳಲ್ಲಿ ಸಾಮಾನ್ಯ ಸ್ಥಿತಿಯ ಸೋರಿಕೆ ಪ್ರವಾಹ 10 ಮೈಕ್ರೋಆಂಪಿಯರ್ ಮೀರಬಾರದೆಂದು ಮಾನದಂಡ ಇಟ್ಟಿರುವುದು ಅದಕ್ಕಾಗಿಯೇ. ಅರ್ಥಿಂಗ್ ತೆಗೆದಾಗ ಹಮ್ ನಿಂತರೆ ಆ ಉಪಕರಣದಲ್ಲಿ ದೋಷವಿರುವ ಸಾಧ್ಯತೆ ಇದೆ ಎಂದರ್ಥ. ಅದು ಕೋಣೆಯಿಂದ ಹೊರಹೋಗಬೇಕು.

50 ಹರ್ಟ್ಸನ್ನು ಮಾತ್ರ ಕತ್ತರಿಸುವ ನಾಚ್ ಫಿಲ್ಟರ್ ಒತ್ತಿ ಹಮ್ ಅಡಗಿಸುವುದು ಸುಲಭ, ಆದರೆ ನಾನದನ್ನು ಕೊನೆಯ ಉಪಾಯವಾಗಿ ಮಾತ್ರ ಒಪ್ಪುತ್ತೇನೆ. ಮೊನಚಾದ ಸಿಗ್ನಲು ಆ ಫಿಲ್ಟರಿನ ಮೂಲಕ ಹಾದಾಗ ಅದರ ಬಾಲದಲ್ಲಿ ಇಲ್ಲದ ಕಂಪನಗಳು ಹುಟ್ಟುತ್ತವೆ. ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಅಲೆಯನ್ನು ಒಯ್ಯುವ ಹಿಸ್ ಬಂಡಲಿನ ಪುಟ್ಟ ಸಿಗ್ನಲು ಕುಗ್ಗಬಹುದು, ಒಂದೇ ಮೊನೆಯ ಸಿಗ್ನಲು ಚೂರಾದಂತೆ ತೋರಬಹುದು. 1969ರಲ್ಲಿ ಬೆಂಜಮಿನ್ ಶೆರ್ಲಾಗ್ ಮತ್ತು ಸಂಗಡಿಗರು ಕ್ಯಾಥೆಟರಿನಿಂದ ಹಿಸ್ ಬಂಡಲಿನ ಸಿಗ್ನಲನ್ನು ದಾಖಲಿಸುವ ವಿಧಾನವನ್ನು ಪ್ರಕಟಿಸಿದಾಗಿನಿಂದ ಈ ಕೆಲಸವೆಲ್ಲ ನಿಂತಿರುವುದು ಇಂಥ ಪುಟ್ಟ ಮೊನೆಗಳ ಮೇಲೆಯೇ. ಬೈಪೋಲಾರಿಗೆ 30ರಿಂದ 500 ಹರ್ಟ್ಸ್ ಎಂಬ ರೂಢಿಯ ಪಟ್ಟಿಯನ್ನು ಇಟ್ಟುಕೊಂಡು, ಗದ್ದಲವನ್ನು ಅದು ಹುಟ್ಟುವಲ್ಲೇ ನಿಲ್ಲಿಸುವುದು ಮೇಲು. ಯುನಿಪೋಲಾರಿಗೆ ಕೆಳಮಿತಿಯನ್ನು 30ಕ್ಕೆ ಏರಿಸಿಬಿಟ್ಟರೆ ಅದರ ಆಕಾರವೇ ಹಾಳಾಗುತ್ತದೆ. ಅಲ್ಲಿ 1 ಹರ್ಟ್ಸ್ ಅಥವಾ ಇನ್ನೂ ಕೆಳಗೆ ಇರಬೇಕು. ಒಬ್ಬರು ಬದಲಿಸಿದ ಫಿಲ್ಟರನ್ನು ಮತ್ತೊಬ್ಬರು ನೋಡದೆ ಮುಂದುವರಿಸಿದ್ದರಿಂದ ಹುಟ್ಟುವ ಗೊಂದಲ ಕಡಿಮೆಯೇನಲ್ಲ.

ಒಂದೇ ಜೋಡಿ ಕೆಟ್ಟಿರುವಾಗ ಜೋಡಿಗಳನ್ನು ಹೇಗೆ ಕಟ್ಟಿದ್ದೀರಿ ಎಂದು ನೋಡಿ. 1-2, 2-3, 3-4 ಎಂದು ಕಟ್ಟಿದ್ದು 1-2 ಮತ್ತು 2-3 ಎರಡೂ ಕೆಟ್ಟು 3-4 ಚೆನ್ನಾಗಿದ್ದರೆ ತಪ್ಪಿತಸ್ಥ ಎರಡನೆಯ ಎಲೆಕ್ಟ್ರೋಡು. ಅದರ ಪಿನ್ನನ್ನು ಪಿನ್ ಬಾಕ್ಸಿನಲ್ಲಿ ಚೆನ್ನಾಗಿರುವ ಬೇರೆ ರಂಧ್ರಕ್ಕೆ ಬದಲಿಸಿ: ದೋಷ ಪಿನ್ನಿನ ಜೊತೆ ಹೋದರೆ ಕೇಬಲ್ ಅಥವಾ ಕ್ಯಾಥೆಟರ್ ಕೆಟ್ಟಿದೆ, ಹಳೆಯ ರಂಧ್ರದಲ್ಲೇ ಉಳಿದರೆ ಪಿನ್ ಬಾಕ್ಸ್ ಅಥವಾ ಆಂಪ್ಲಿಫೈಯರ್. ಬಳಿಕ ಕೇಬಲ್ ಬದಲಿಸಿ, ಕ್ಯಾಥೆಟರನ್ನು ಎಲ್ಲಕ್ಕಿಂತ ಕೊನೆಗೆ. ಅದು ದುಬಾರಿ, ಮೇಲಾಗಿ ಒಳಗಿರುವುದನ್ನು ತೆಗೆಯುವುದು ಸುಲಭದ ಕೆಲಸವಲ್ಲ. ಹಿಂಭಾಗದ ಎಲೆಕ್ಟ್ರೋಡುಗಳು ಮಾತ್ರ ಸತ್ತಂತೆ ಚಪ್ಪಟೆಯಾಗಿದ್ದರೆ ಯಾವುದನ್ನೂ ಬದಲಿಸಬೇಡಿ, ಅವು ಇನ್ನೂ ಕ್ಯಾಥೆಟರನ್ನು ತೂರಿಸುವ ಹೊರಕೊಳವೆಯಾದ ಷೀತ್‌ನೊಳಗೇ ಇರಬಹುದು. ಎರಡು ಕ್ಯಾಥೆಟರುಗಳು ಒಂದಕ್ಕೊಂದು ತಾಗಿದಾಗ ಬರುವ ಚೂಪಾದ, ಬಡಿತಕ್ಕೆ ಹೊಂದದ ಚಟಪಟ ಸಿಗ್ನಲನ್ನು ಮುರಿದ ತಂತಿಯೆಂದು ತಿಳಿಯುವುದೂ ಉಂಟು. ಎಕ್ಸ್-ರೇ ಚಿತ್ರದಲ್ಲೊಮ್ಮೆ ನೋಡಿ ಒಂದನ್ನು ಸ್ವಲ್ಪ ಸರಿಸಿದರೆ ತಿಳಿಯುತ್ತದೆ.

ಕಾಲದ ಲೆಕ್ಕ ತಪ್ಪಿದಾಗ

ಸಿಗ್ನಲುಗಳು ಸ್ವಚ್ಛವಾಗಿದ್ದರೂ ನಕ್ಷೆ ಕೆಡುವುದಕ್ಕೆ ಇದೇ ಬಹುದೊಡ್ಡ ಕಾರಣ, ಮತ್ತು ಇದನ್ನೇ ಕೊನೆಗೆ ಅನುಮಾನಿಸುತ್ತಾರೆ. ಹೃತ್ಕರ್ಣದ ಸ್ನಾಯುವಿನಲ್ಲಿ ವಿದ್ಯುತ್ ಅಲೆ ಸುಮಾರಾಗಿ ಸೆಕೆಂಡಿಗೆ ಅರ್ಧದಿಂದ ಒಂದು ಮೀಟರ್ ವೇಗದಲ್ಲಿ ಹರಿಯುತ್ತದೆ. ಅಂದರೆ ಕಾಲದಲ್ಲಿ 10 ಮಿಲಿಸೆಕೆಂಡ್ ತಪ್ಪಿದರೆ ಜಾಗದಲ್ಲಿ 5ರಿಂದ 10 ಮಿಲಿಮೀಟರ್ ತಪ್ಪಿದಂತೆ. ಅಬ್ಲೇಷನ್, ಅಂದರೆ ದೋಷದ ಜಾಗವನ್ನು ಸುಟ್ಟು ನಿಷ್ಕ್ರಿಯಗೊಳಿಸುವ ಚಿಕಿತ್ಸೆ, ಮಾಡುವ ಕ್ಯಾಥೆಟರಿನ ತುದಿಯ ಉದ್ದ ಸಾಮಾನ್ಯವಾಗಿ 3.5 ಅಥವಾ 4 ಮಿಲಿಮೀಟರ್ ಎಂಬುದನ್ನು ನೆನೆದರೆ ಈ ತಪ್ಪಿನ ತೂಕ ಅರಿವಾಗುತ್ತದೆ.

ಪ್ರತಿ ಬಿಂದುವಿನ ಕಾಲವನ್ನು ಒಂದು ಸ್ಥಿರ ಸಿಗ್ನಲಿಗೆ ಹೋಲಿಸಿ ಅಳೆಯಲಾಗುತ್ತದೆ. ಹೃತ್ಕರ್ಣದ ಲಯಗಳಲ್ಲಿ ಅದು ಸಾಮಾನ್ಯವಾಗಿ ಹೃದಯದ ಹಿಂಬದಿಯ ಸಿರೆಯಾದ ಕರೋನರಿ ಸೈನಸ್ಸಿನಲ್ಲಿರುವ ಹತ್ತು ಎಲೆಕ್ಟ್ರೋಡಿನ ಕ್ಯಾಥೆಟರಿನ ಒಂದು ಜೋಡಿ, ಹೃತ್ಕುಕ್ಷಿಯ ಲಯಗಳಲ್ಲಿ ಇಸಿಜಿಯಲ್ಲಿ ಹೃತ್ಕುಕ್ಷಿಯ ಬಡಿತ ತೋರಿಸುವ ಕ್ಯೂಆರ್‌ಎಸ್ ಮೊನೆ. ಈ ಆಧಾರ ಸಿಗ್ನಲು ಹಾಳಾದರೆ ಆಮೇಲೆ ತೆಗೆದುಕೊಂಡ ಎಲ್ಲ ಬಿಂದುಗಳೂ ಹಾಳು. ಜೋಡಿಯನ್ನು ಆರಿಸುವಾಗ ಹೃತ್ಕರ್ಣದ ಮೊನೆ ಎತ್ತರವಾಗಿ ಒಂದೇ ಆಗಿರುವುದನ್ನೂ, ಹೃತ್ಕುಕ್ಷಿಯ ದೂರದ ಸಿಗ್ನಲು ಆದಷ್ಟು ಕುಳ್ಳಗಿರುವುದನ್ನೂ ನೋಡಬೇಕು. ಮೊನೆ ಎರಡಾಗಿ ಸೀಳಿದ್ದರೆ ತಂತ್ರಾಂಶ ಕೆಲವು ಬಡಿತಗಳಲ್ಲಿ ಮೊದಲನೆಯದನ್ನೂ ಕೆಲವದರಲ್ಲಿ ಎರಡನೆಯದನ್ನೂ ಹಿಡಿಯುತ್ತದೆ. ಆಗ ಎರಡು ಮೊನೆಗಳ ನಡುವಿನ ಅಂತರ ಎಷ್ಟೋ ಅಷ್ಟೇ ಮಿಲಿಸೆಕೆಂಡ್ ಸರಿದ ಬಿಂದುಗಳು ನಕ್ಷೆಯ ತುಂಬ ಚುಕ್ಕೆಗಳಂತೆ ಚದರಿರುತ್ತವೆ. ಹೃತ್ಕುಕ್ಷಿಯ ಸಿಗ್ನಲನ್ನೇ ಹೃತ್ಕರ್ಣದ್ದೆಂದು ಹಿಡಿದರೆ ಆ ಸರಿತ ಇನ್ನೂ ದೊಡ್ಡದು. ಚದರಿದ ಬಿಂದುಗಳ ಸರಿತ ಎಲ್ಲ ಕಡೆ ಒಂದೇ ಸಂಖ್ಯೆಯಾಗಿದ್ದರೆ ದೋಷ ಆಧಾರದಲ್ಲಿದೆ, ಒಂದೊಂದಕ್ಕೂ ಒಂದೊಂದಾಗಿದ್ದರೆ ಬಿಂದುವಿನ ಗುರುತಿನಲ್ಲಿದೆ. ನಾನು ಕಂಡಂತೆ ಇಡೀ ವಿಭಾಗದಲ್ಲಿ ಇಷ್ಟು ಬೇಗ ಉತ್ತರ ಕೊಡುವ ಪರೀಕ್ಷೆ ಬೇರೊಂದಿಲ್ಲ.

ಕರೋನರಿ ಸೈನಸ್ಸಿನ ಕ್ಯಾಥೆಟರೇ ಜಾರಿದ್ದರೆ ದೋಷ ಬೇರೆ ರೂಪದಲ್ಲಿ ಕಾಣುತ್ತದೆ: ಒಂದು ಹೊತ್ತಿನವರೆಗಿನ ಬಿಂದುಗಳು ತಮ್ಮತಮ್ಮಲ್ಲಿ ಹೊಂದುತ್ತವೆ, ಆ ಹೊತ್ತಿನ ನಂತರದವು ತಮ್ಮತಮ್ಮಲ್ಲಿ ಹೊಂದುತ್ತವೆ, ಆದರೆ ಎರಡು ಗುಂಪುಗಳು ಸೇರುವಲ್ಲಿ ಗಡಿ ಎದ್ದು ನಿಲ್ಲುತ್ತದೆ. ಬಿಂದುಗಳನ್ನು ತೆಗೆದ ಹೊತ್ತಿನ ಕ್ರಮದಲ್ಲಿ ಜೋಡಿಸಿ ನೋಡಿದರೆ ಅದು ಸ್ಪಷ್ಟವಾಗುತ್ತದೆ. ಇದನ್ನು ಮೊದಲೇ ತಡೆಯಲು ನಕ್ಷೆ ಆರಂಭಿಸುವಾಗ ಕರೋನರಿ ಸೈನಸ್ಸಿನ ಐದು ಜೋಡಿಗಳೂ ಇಸಿಜಿಯ ಜೊತೆ ಕಾಣುವ ಒಂದು ಪರದೆಚಿತ್ರವನ್ನು ಉಳಿಸಿಡಿ. ಮುಂದೆ ಸಂಶಯ ಬಂದಾಗ ಜೋಡಿಗಳ ನಡುವಿನ ಕಾಲಾಂತರಗಳನ್ನೂ ಸಿಗ್ನಲುಗಳ ಆಕಾರವನ್ನೂ ಅದರೊಂದಿಗೆ ಹೋಲಿಸಬಹುದು. ಇನ್ನೊಂದು ಪರೀಕ್ಷೆ: ಮೊದಲು ತೆಗೆದ ಒಂದು ಬಿಂದುವಿಗೆ ಕ್ಯಾಥೆಟರನ್ನು ಮರಳಿ ತಂದು ಮತ್ತೊಮ್ಮೆ ಅಳೆಯಿರಿ. ಸಿಗ್ನಲಿನ ಆಕಾರ ಅದೇ ಇದ್ದು ಕಾಲ ಮಾತ್ರ 30 ಮಿಲಿಸೆಕೆಂಡ್ ಬದಲಾಗಿದ್ದರೆ ಆಧಾರ ಸರಿದಿದೆ. ಆಕಾರವೂ ಬದಲಾಗಿದ್ದರೆ ನೀವು ಅದೇ ಜಾಗದಲ್ಲಿಲ್ಲ, ಮುಂದಿರುವ ‘ಜಾಗ ಸರಿದಾಗ’ ಭಾಗಕ್ಕೆ ಹೋಗಿ.

ಆಧಾರದ ನಂತರ ಕಾಲದ ಕಿಟಕಿ. ಆಧಾರದ ಹಿಂದೆ ಮತ್ತು ಮುಂದೆ ಎಷ್ಟು ಮಿಲಿಸೆಕೆಂಡಿನೊಳಗೆ ಬರುವ ಸಿಗ್ನಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಈ ಕಿಟಕಿ ಹೇಳುತ್ತದೆ. ಒಂದೇ ದಾರಿಯಲ್ಲಿ ಸುತ್ತುತ್ತಿರುವ ಲಯದಲ್ಲಿ ಕಿಟಕಿ ಸುತ್ತಿನ ಅವಧಿಯ ಸುಮಾರು 90ರಿಂದ 95 ಶೇಕಡದಷ್ಟಿರುವುದು ರೂಢಿ. ಉದಾಹರಣೆಗೆ ಹೃತ್ಕರ್ಣದಲ್ಲಿ ಅಲೆ ವೇಗವಾಗಿ ಸುತ್ತುವ ಫ್ಲಟರ್ ಲಯದ ಅವಧಿ 240 ಮಿಲಿಸೆಕೆಂಡ್ ಆಗಿದ್ದರೆ ಆಧಾರಕ್ಕಿಂತ 100 ಹಿಂದಿನಿಂದ 125 ಮುಂದಿನವರೆಗೆ, ಒಟ್ಟು 225. ಅವಧಿಯನ್ನೇ ಮೀರಿ ಕಿಟಕಿ ಇಟ್ಟರೆ ಒಂದೇ ಬಿಂದುವಿನಲ್ಲಿ ಎರಡು ಸುತ್ತಿನ ಸಿಗ್ನಲುಗಳು ಬಿದ್ದು ತಂತ್ರಾಂಶ ತನಗೆ ತೋಚಿದ್ದನ್ನು ಹಿಡಿಯುತ್ತದೆ. ನಕ್ಷೆಯಲ್ಲಿ ಅಲೆ ಬೇಗ ಬಂದ ಜಾಗಕ್ಕೆ ಕೆಂಪು, ತಡವಾಗಿ ಬಂದ ಜಾಗಕ್ಕೆ ನೇರಳೆ. ಇಂಥ ಲಯದಲ್ಲಿ ಕೆಂಪೆಂದರೆ ಅಲೆ ಹುಟ್ಟಿದ ಜಾಗವಲ್ಲ, ಕಿಟಕಿ ತೆರೆದ ಕ್ಷಣ ಮಾತ್ರ. ಕೆಂಪು ಮತ್ತು ನೇರಳೆ ಸೇರುವ ಗೆರೆ ಕಿಟಕಿಯನ್ನು 40 ಮಿಲಿಸೆಕೆಂಡ್ ಸರಿಸಿದರೆ ತಾನೂ ಸರಿಯುತ್ತದೆ. ಸುತ್ತಿನ ದಾರಿ ಮಾತ್ರ ಬದಲಾಗುವುದಿಲ್ಲ. ಹಾಗೆ ಸರಿಸಿ ನೋಡಿದಾಗ ದಾರಿಯೇ ಬದಲಾಗಿ ಕಂಡರೆ ಆ ನಕ್ಷೆಯನ್ನು ನಂಬುವ ಹಾಗಿಲ್ಲ.

ಒಂದು ಚುಕ್ಕೆಯಿಂದ ಹೊರಡುವ ಲಯದಲ್ಲಿ ಕಿಟಕಿಯ ತಪ್ಪು ಇನ್ನೂ ಮೋಸಗಾರ. ಅಲೆ ಹೊರಡುವ ನಿಜವಾದ ಜಾಗದ ಸಿಗ್ನಲು ಕಿಟಕಿ ತೆರೆಯುವ ಮೊದಲೇ ಬಂದು ಹೋಗಿರುತ್ತದೆ. ತಂತ್ರಾಂಶ ಆ ಬಿಂದುವನ್ನು ಖಾಲಿ ಬಿಡುವುದಿಲ್ಲ, ಕಿಟಕಿಯೊಳಗೆ ಸಿಕ್ಕ ಹೃತ್ಕುಕ್ಷಿಯ ದೂರದ ಸಿಗ್ನಲನ್ನೋ ಗದ್ದಲವನ್ನೋ ಹಿಡಿದು ತಡವಾದ ಬಣ್ಣ ಕೊಡುತ್ತದೆ. ಪರಿಣಾಮವಾಗಿ ಕೆಂಪು ಉಂಗುರದ ನಡುವೆ ನೇರಳೆ ಬೊಟ್ಟು ಕಾಣುತ್ತದೆ. ಹೊಸಬರು ಅದನ್ನು ಕೆಟ್ಟ ಬಿಂದುವೆಂದು ಅಳಿಸುತ್ತಾರೆ, ಹುಡುಕುತ್ತಿದ್ದ ಜಾಗವೇ ಅಳಿದುಹೋಗುತ್ತದೆ. ಅಂಥ ಬೊಟ್ಟು ಕಂಡರೆ ಅದರ ಮೂಲ ಸಿಗ್ನಲನ್ನು ತೆರೆದು ಕಿಟಕಿಯ ಎಡಗಡಿಯ ಹೊರಗೆ ಏನಿದೆ ಎಂದು ನೋಡಿದ ಮೇಲೆಯೇ ಮುಂದಿನ ಕೆಲಸ.

ಬಿಂದುವಿನಲ್ಲಿ ಯಾವ ಮೊನೆಯನ್ನು ಹಿಡಿಯಬೇಕು ಎಂಬುದು ಮೂರನೆಯ ತೊಡಕು. ಎಡ ಮೇಲಿನ ಶ್ವಾಸಕೋಶದ ಸಿರೆಯೊಳಗೆ ಇಟ್ಟ ಎಲೆಕ್ಟ್ರೋಡಿಗೆ ಪಕ್ಕದ ಎಡ ಹೃತ್ಕರ್ಣದ ಅಪೆಂಡೇಜಿನ (ಕಿವಿಯಾಕಾರದ ಚೀಲದ) ಸಿಗ್ನಲು ಗೋಡೆಯಾಚೆಯಿಂದ ಕೇಳಿಸುತ್ತದೆ; ಮೈಟ್ರಲ್ ಕವಾಟದ ಅಂಚಿನಲ್ಲಿ ಹೃತ್ಕುಕ್ಷಿಯ ಸಿಗ್ನಲು ಹೃತ್ಕರ್ಣದ್ದಕ್ಕಿಂತ ಎತ್ತರವಾಗಿರಬಹುದು. ಇಂಥಲ್ಲಿ ಯುನಿಪೋಲಾರ್ ಸಿಗ್ನಲನ್ನೇ ಸಾಕ್ಷಿಗೆ ಕರೆಯಬೇಕು. ಅದರ ಅತ್ಯಂತ ಕಡಿದಾದ ಇಳಿಜಾರು ಎಲೆಕ್ಟ್ರೋಡಿನ ಅಡಿಯ ಸ್ನಾಯು ಚೇತನಗೊಂಡ ಕ್ಷಣ. ಬೈಪೋಲಾರಿನ ಮೊನೆಯೊಂದು ಎಷ್ಟೇ ಚೂಪಾಗಿದ್ದರೂ ಅದರ ಎದುರಿಗೆ ಯುನಿಪೋಲಾರಿನಲ್ಲಿ ಕಡಿದಾದ ಇಳಿಜಾರು ಇಲ್ಲದಿದ್ದರೆ ಅದು ಬೇರೆಯವರ ಮನೆಯ ಸದ್ದು. ಹಾಗೆಯೇ ಅಲೆ ಹುಟ್ಟುವ ಜಾಗದಲ್ಲಿ ಯುನಿಪೋಲಾರ್ ಮೇಲೇಳದೆ ನೇರ ಕೆಳಗಿಳಿಯುವ ಕ್ಯೂಎಸ್ ಆಕಾರದಲ್ಲಿರುತ್ತದೆ. ಮೊದಲಿಗೊಂದು ಸಣ್ಣ ಆರ್ ಅಲೆ, ಅಂದರೆ ಮೇಲೇಳುವ ಮೊನೆ, ಇದ್ದರೆ ಅಲೆ ಬೇರೆಡೆಯಿಂದ ಇಲ್ಲಿಗೆ ಬಂದಿದೆ ಎಂದರ್ಥ, ಬಣ್ಣ ಎಷ್ಟೇ ಕೆಂಪಾಗಿರಲಿ. ಕ್ಯೂಎಸ್ ಆಕಾರ ನಿಜವಾದ ಜಾಗದಿಂದ ಸ್ವಲ್ಪ ದೂರದಲ್ಲೂ ಕಾಣಿಸಬಹುದಾದ್ದರಿಂದ ಅದು ಇಲ್ಲದಿರುವುದು ಬಲವಾದ ಪುರಾವೆ, ಇರುವುದು ಅಷ್ಟು ಬಲವಾದದ್ದಲ್ಲ.

ಅಲೆ ದಾಟಲಾಗದ ಗೆರೆಯ ಮೇಲೆ ನಿಂತಾಗ ಎರಡು ಬದಿಯ ಎರಡು ಮೊನೆಗಳು ಒಂದೇ ಬಿಂದುವಿನಲ್ಲಿ ಕಾಣುತ್ತವೆ. ಅಲ್ಲಿ ಒಂದನ್ನು ಬಲವಂತವಾಗಿ ಆರಿಸಿದರೆ ಗೆರೆಯುದ್ದಕ್ಕೂ ಕೆಂಪು ನೇರಳೆ ಚೌಕಗಳ ಗೊಂದಲ ಹುಟ್ಟುತ್ತದೆ. ಜೋಡಿ ಮೊನೆ ಎಂದು ಗುರುತು ಹಾಕಿ ಕಾಲದ ಲೆಕ್ಕದಿಂದ ಹೊರಗಿಡುವುದೇ ಸರಿ. ಆ ಗುರುತುಗಳ ಸಾಲೇ ಗೆರೆಯನ್ನು ತೋರಿಸಿಕೊಡುತ್ತದೆ.

ಕಾಲದ ನಕ್ಷೆಯನ್ನು ಅದರ ಹೊರಗಿನ ಅಳತೆಯೊಂದರಿಂದ ಪರೀಕ್ಷಿಸಲು ಎಂಟ್ರೇನ್‌ಮೆಂಟ್ ಇದೆ. ಸುತ್ತಿನ ಅವಧಿಗಿಂತ 10ರಿಂದ 30 ಮಿಲಿಸೆಕೆಂಡ್ ಬೇಗನೆ ಪೇಸ್ ಮಾಡಿ, ಅಂದರೆ ಕ್ಯಾಥೆಟರಿನಿಂದ ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಟ್ಟು ಹೃದಯವನ್ನು ಬಡಿಸಿ, ನಿಲ್ಲಿಸಿದಾಗ, ಪೇಸ್ ಮಾಡಿದ ಜಾಗಕ್ಕೆ ಅಲೆ ಮರಳಿ ಬರಲು ಹಿಡಿದ ಸಮಯ ಸುತ್ತಿನ ಅವಧಿಗಿಂತ 20ರಿಂದ 30 ಮಿಲಿಸೆಕೆಂಡಿನೊಳಗೆ ಹೆಚ್ಚಾಗಿದ್ದರೆ ಆ ಜಾಗ ಸುತ್ತಿನ ದಾರಿಯಲ್ಲಿದೆ ಅಥವಾ ಅದಕ್ಕೆ ತೀರ ಹತ್ತಿರದಲ್ಲಿದೆ. ನಕ್ಷೆಯೂ ಈ ಪರೀಕ್ಷೆಯೂ ಬೇರೆಬೇರೆ ಹೇಳಿದಾಗ ನಾನು ಮೊದಲು ನಕ್ಷೆಯನ್ನೇ ಅನುಮಾನಿಸುತ್ತೇನೆ. ಆದರೆ ಪರೀಕ್ಷೆಯೂ ಕೆಡಬಹುದು: ಪೇಸಿಂಗಿಗೆ ಹೃತ್ಕರ್ಣ ಸ್ಪಂದಿಸಿಯೇ ಇರಲಿಲ್ಲ, ಕರೋನರಿ ಸೈನಸ್ಸಿನ ಸಿಗ್ನಲುಗಳು ಪೇಸಿಂಗ್ ವೇಗಕ್ಕೆ ಏರಿರಲಿಲ್ಲ, ಹೆಚ್ಚು ಮಿಲಿಆಂಪಿಯರ್ ಕೊಟ್ಟು ದೂರದ ಸ್ನಾಯುವನ್ನೂ ಹಿಡಿದಿದ್ದರು, ಅಥವಾ ಪೇಸಿಂಗಿನಿಂದ ಆಂಪ್ಲಿಫೈಯರ್ ತುಂಬಿಹೋಗಿ ಮರಳಿ ಬಂದ ಮೊದಲ ಸಿಗ್ನಲು ಕಾಣದೆ ಎರಡನೆಯದನ್ನು ಅಳೆದಿದ್ದರು. ಕೊನೆಯ ಈ ತಪ್ಪಿನಲ್ಲಿ ಉತ್ತರ ಒಂದು ಪೂರ್ತಿ ಸುತ್ತಿನಷ್ಟು ಹೆಚ್ಚಾಗಿರುವುದರಿಂದ ಅದನ್ನು ಹಿಡಿಯುವುದು ಸುಲಭ.

ಜಾಗ ಸರಿದಾಗ

ಅಯಸ್ಕಾಂತ ಕ್ಷೇತ್ರದಿಂದ ಜಾಗ ಅಳೆಯುವ ವಿಧಾನವನ್ನು ಗೆಪ್ಸ್ಟೈನ್, ಬೆನ್-ಹೈಮ್ ಮುಂತಾದವರು 1997ರಲ್ಲಿ ಪ್ರಕಟಿಸಿದರು. ಮೇಜಿನ ಕೆಳಗಿನ ಸುರುಳಿಗಳು ದುರ್ಬಲ ಕ್ಷೇತ್ರಗಳನ್ನು ಹರಡುತ್ತವೆ, ಕ್ಯಾಥೆಟರಿನ ತುದಿಯ ಸಂವೇದಕ ಅವುಗಳ ಬಲವನ್ನು ಅಳೆಯುತ್ತದೆ. ಇನ್ನೊಂದು ಬಗೆಯಲ್ಲಿ ಎದೆ, ಬೆನ್ನು, ಪಕ್ಕೆ ಮುಂತಾದೆಡೆ ಅಂಟಿಸಿದ ಪ್ಯಾಚುಗಳ ನಡುವೆ ಹರಿಸಿದ ಸಣ್ಣ ಪ್ರವಾಹದಿಂದ ಎಲೆಕ್ಟ್ರೋಡುಗಳ ಜಾಗವನ್ನು ಕಂಡುಹಿಡಿಯಲಾಗುತ್ತದೆ. ಇತ್ತೀಚಿನ ವ್ಯವಸ್ಥೆಗಳು ಎರಡನ್ನೂ ಬೆರೆಸುತ್ತವೆ, ಆದರೆ ದೋಷ ಹುಡುಕುವಾಗ ಎರಡನ್ನೂ ಬೇರೆಯಾಗಿಯೇ ಯೋಚಿಸಬೇಕು. ಅಯಸ್ಕಾಂತದ್ದಕ್ಕೆ ಶತ್ರು ಲೋಹ: ಎಕ್ಸ್-ರೇ ಡಿಟೆಕ್ಟರನ್ನು ರೋಗಿಯ ಎದೆಗೆ ತೀರ ಹತ್ತಿರ ಇಳಿಸಿದಾಗ ಕ್ಯಾಥೆಟರ್ ಪರದೆಯಲ್ಲಿ ಜಿಗಿದರೆ ಕಾರಣ ಅಲ್ಲೇ ಇದೆ. ಪ್ರತಿರೋಧದ್ದಕ್ಕೆ ಶತ್ರು ದೇಹದಲ್ಲೇ ಆಗುವ ಬದಲಾವಣೆ: ಉಸಿರಿನ ಆಳ, ಬೆವರಿನಿಂದ ಏಳುವ ಪ್ಯಾಚು, ತಾಸುಗಟ್ಟಲೆ ಹರಿದ ಸಲೈನ್. ಷೀತ್‌ನೊಳಗೆ ಹೊಕ್ಕ ಎಲೆಕ್ಟ್ರೋಡುಗಳು ಈ ವ್ಯವಸ್ಥೆಯಲ್ಲಿ ವಿಚಿತ್ರವಾಗಿ ಸೊಟ್ಟಗೆ ಕಾಣುವುದೂ ಇದರಿಂದಲೇ.

ರೋಗಿ ಮಿಸುಕಿದರೆ ಎರಡೂ ಕೆಡುತ್ತವೆ. ಸೆಡೇಷನ್ ಹಗುರಾದಾಗ ಭುಜ ಎತ್ತುವುದು, ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ಏರುಪೇರಾಗುವುದು, ಲಯ ಸರಿಪಡಿಸಲು ಶಾಕ್ ಕೊಟ್ಟಾಗ ಮೈ ನೆಗೆಯುವುದು ಇವು ಮುಖ್ಯ ಸಂದರ್ಭಗಳು. ಶಾಕ್ ಕೊಟ್ಟ ಮೇಲೆ ಏನನ್ನೂ ಮುಂದುವರಿಸುವ ಮೊದಲು ಗುರುತಿಸಿಟ್ಟ ಎರಡು ಜಾಗಗಳನ್ನು, ಹಿಸ್ ಬಂಡಲ್ ಮತ್ತು ಕರೋನರಿ ಸೈನಸ್ಸಿನ ಬಾಯಿ, ಮತ್ತೆ ಮುಟ್ಟಿ ನೋಡುವುದನ್ನು ಬಿಡಲಾಗದ ನಿಯಮವಾಗಿ ಮಾಡಿಕೊಳ್ಳಬೇಕು. ಹಿಸ್ ಸಿಗ್ನಲು ಈಗ ಸಿಗುವ ಜಾಗ ಹಳೆಯ ಗುರುತಿನಿಂದ ಹಲವು ಮಿಲಿಮೀಟರ್ ದೂರವಿದ್ದರೆ ನಕ್ಷೆ ಸರಿದಿದೆ. ಹಿಸ್ ಹತ್ತಿರದ ಅಬ್ಲೇಷನ್ನಿನಲ್ಲಿ ಈ ಕೆಲವು ಮಿಲಿಮೀಟರುಗಳ ಅರ್ಥ ಹೃದಯದ ಸಹಜ ವಿದ್ಯುತ್ ದಾರಿ ಶಾಶ್ವತವಾಗಿ ಕಡಿದು ರೋಗಿಗೆ ಪೇಸ್‌ಮೇಕರ್ ಬೇಕಾಗುವುದು. ಆದ್ದರಿಂದ ಅಲ್ಲಿ ಪರದೆಯಲ್ಲಿ ಹಿಸ್ ಜಾಗಕ್ಕೆ ಹಾಕಿದ ಹಳದಿ ಚುಕ್ಕೆಯನ್ನಲ್ಲ, ಕ್ಯಾಥೆಟರಿನಲ್ಲಿ ಆ ಕ್ಷಣ ಕಾಣುತ್ತಿರುವ ಸಿಗ್ನಲನ್ನೇ ನಂಬಬೇಕು. ಎರಡು ಗುರುತುಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ತಂತ್ರಾಂಶದ ತಿದ್ದುಪಡಿ ಕೆಲಸ ಮಾಡಬಹುದು, ಬೇರೆಬೇರೆ ದಿಕ್ಕಿಗೆ ಸರಿದಿದ್ದರೆ ತಿದ್ದುವ ಪ್ರಯತ್ನ ವ್ಯರ್ಥ.

ವೋಲ್ಟೇಜ್ ಕಡಿಮೆ ಕಂಡಾಗ

ಹೃತ್ಕುಕ್ಷಿಯಲ್ಲಿ ಬೈಪೋಲಾರ್ ಎತ್ತರ 0.5 ಮಿಲಿವೋಲ್ಟಿಗಿಂತ ಕಡಿಮೆಯಿದ್ದರೆ ದಟ್ಟ ಗಾಯ, 1.5ಕ್ಕಿಂತ ಹೆಚ್ಚಿದ್ದರೆ ಆರೋಗ್ಯವಂತ ಸ್ನಾಯು, ನಡುವಿನದು ಗಾಯದ ಅಂಚು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ. ಆದರೆ ಈ ಸಂಖ್ಯೆಗಳು ದೊಡ್ಡ ತುದಿಯ ಕ್ಯಾಥೆಟರುಗಳ ಕಾಲದವು. ಸಣ್ಣ, ಒತ್ತೊತ್ತಾದ ಎಲೆಕ್ಟ್ರೋಡುಗಳಿರುವ ಕ್ಯಾಥೆಟರಿನಲ್ಲಿ ಅದೇ ಜಾಗ ಬೇರೆ ಎತ್ತರ ತೋರಿಸುತ್ತದೆ. ಎರಡು ಬಗೆಯ ಕ್ಯಾಥೆಟರಿನಿಂದ ತೆಗೆದ ಬಿಂದುಗಳನ್ನು ಒಂದೇ ನಕ್ಷೆಯಲ್ಲಿ ಬೆರೆಸಿದ್ದರೆ ಗಾಯದ ಗಡಿಗೆ ಅರ್ಥವೇ ಇರುವುದಿಲ್ಲ. ಬೈಪೋಲಾರಿನ ಎತ್ತರ ಅಲೆ ಬಂದ ದಿಕ್ಕಿನ ಮೇಲೂ ನಿಂತಿದೆ: ಅಲೆ ಎರಡೂ ಎಲೆಕ್ಟ್ರೋಡುಗಳನ್ನು ಒಟ್ಟಿಗೆ ತಲುಪಿದರೆ ವ್ಯತ್ಯಾಸ ಸೊನ್ನೆಯ ಹತ್ತಿರ ಬಂದು, ಆರೋಗ್ಯವಂತ ಸ್ನಾಯುವೂ ಗಾಯದಂತೆ ಕಾಣುತ್ತದೆ. ಆಗ ಯುನಿಪೋಲಾರ್ ಎತ್ತರವನ್ನು ನೋಡಿ, ಅಥವಾ ಬೇರೆ ಜಾಗದಿಂದ ಪೇಸ್ ಮಾಡಿ ಅಲೆಯ ದಿಕ್ಕನ್ನು ಬದಲಿಸಿ ಮತ್ತೆ ಅಳೆಯಿರಿ.

ಎಲ್ಲಕ್ಕಿಂತ ಸಾಮಾನ್ಯ ಕಾರಣ ಕ್ಯಾಥೆಟರ್ ಗೋಡೆಯನ್ನು ಮುಟ್ಟದೆ ರಕ್ತದಲ್ಲಿ ತೇಲುತ್ತಿರುವುದು. ಒತ್ತಡ ಅಳೆಯುವ ಕ್ಯಾಥೆಟರಿನಲ್ಲಿ ಕೆಲವೇ ಗ್ರಾಂ ತೋರುತ್ತಿದ್ದರೆ ಆ ಬಿಂದುವನ್ನು ಗಾಯವೆಂದು ಬರೆಯಬೇಡಿ. ಒತ್ತಡದ ಅಳತೆ ಇಲ್ಲದಿದ್ದರೆ ಅಲ್ಲಿಂದ ಪೇಸ್ ಮಾಡಿ ನೋಡಬಹುದು: 10 ಮಿಲಿಆಂಪಿಯರ್, 2 ಮಿಲಿಸೆಕೆಂಡ್ ಕೊಟ್ಟರೂ ಸ್ನಾಯು ಸ್ಪಂದಿಸದಿದ್ದು, ಮುಟ್ಟಿರುವುದು ಖಚಿತವಾಗಿದ್ದರೆ ಮಾತ್ರ ಗಾಯ. ಬಿಂದುಗಳೇ ಇಲ್ಲದ ಕಡೆ ಬಣ್ಣ ತುಂಬಿದೆಯೇ ಎಂಬುದನ್ನೂ ಗಮನಿಸಿ. ತಂತ್ರಾಂಶ ಎರಡು ದೂರದ ಬಿಂದುಗಳ ನಡುವೆ ಊಹೆಯಿಂದ ಬಣ್ಣ ಹಚ್ಚುತ್ತದೆ, ತುಂಬುವ ಮಿತಿಯನ್ನು ತಗ್ಗಿಸಿದರೆ ಎಲ್ಲೆಲ್ಲಿ ಅಳೆದೇ ಇಲ್ಲ ಎಂಬುದು ಬಯಲಾಗುತ್ತದೆ.

ಲಯವೇ ಬದಲಾಗಿದ್ದರೆ

ಉಪಕರಣಗಳೆಲ್ಲ ಸರಿಯಿದ್ದು ನಕ್ಷೆ ಅರ್ಧದಿಂದ ಮುಂದೆ ಹೊಂದದಿದ್ದರೆ ಅಳೆಯುತ್ತಿರುವ ವಸ್ತುವೇ ಬದಲಾಗಿರಬಹುದು. ಸುತ್ತಿನ ಅವಧಿ ಬದಲಾಗಿದೆಯೇ ಎಂದು ನೋಡುವುದಷ್ಟೇ ಸಾಲದು, ಏಕೆಂದರೆ ಬೇರೆ ದಾರಿಯ ಎರಡು ಲಯಗಳಿಗೆ ಒಂದೇ ಅವಧಿ ಇರಬಹುದು. ಕರೋನರಿ ಸೈನಸ್ಸಿನಲ್ಲಿ ಅಲೆ ಮೊದಲು 9-10ರಿಂದ 1-2ರ ಕಡೆಗೆ ಹರಿಯುತ್ತಿದ್ದುದು ಈಗ 1-2ರಿಂದ 9-10ಕ್ಕೆ ಹರಿಯುತ್ತಿದ್ದರೆ ಅವಧಿ ಅದೇ ಇದ್ದರೂ ಲಯ ಬೇರೆ. ಹೃತ್ಕುಕ್ಷಿಯ ಬಿಡಿ ಬಡಿತಗಳನ್ನು ಅಳೆಯುವಾಗ ಕ್ಯಾಥೆಟರ್ ತಾಗಿದ್ದರಿಂದಲೇ ಹುಟ್ಟಿದ ಬಡಿತಗಳು ನಕ್ಷೆಗೆ ನುಸುಳುತ್ತವೆ, ಮತ್ತು ಅವು ಹುಟ್ಟಿದ್ದು ಕ್ಯಾಥೆಟರಿನ ತುದಿಯಲ್ಲೇ ಆದ್ದರಿಂದ ಪ್ರತಿಯೊಂದೂ ಅತ್ಯಂತ ಬೇಗನೆ ಬಂದಂತೆ ಕಾಣುತ್ತದೆ. ಹನ್ನೆರಡು ಲೀಡಿನ ಆಕಾರವನ್ನು ಮೂಲ ಬಡಿತದೊಂದಿಗೆ ಹೋಲಿಸಿ ಹೊಂದದವನ್ನು ತೆಗೆದುಹಾಕದೆ ಅಂಥ ನಕ್ಷೆಯ ಕೆಂಪನ್ನು ನೋಡುವುದೇ ಬೇಡ.

ಲಯ ಬದಲಾದದ್ದು ಖಚಿತವಾದರೆ ಹಳೆಯ ನಕ್ಷೆಗೆ ಹೊಸ ಬಿಂದುಗಳನ್ನು ಸೇರಿಸದೆ ಹೊಸದನ್ನು ಆರಂಭಿಸಬೇಕು. ಹೃದಯದ ಆಕಾರದ ಚಿಪ್ಪನ್ನು ಮಾತ್ರ ಹಳೆಯದರಿಂದ ತೆಗೆದುಕೊಳ್ಳಬಹುದು. ಹಳೆಯದನ್ನು ಅಳಿಸದೆ ಅದರ ಹೆಸರಿನಲ್ಲೇ ಸುತ್ತಿನ ಅವಧಿ, ಆಧಾರದ ಜೋಡಿ, ಕಿಟಕಿಯ ಎರಡು ಗಡಿಗಳು ಮತ್ತು ನಿಲ್ಲಿಸಿದ ಕಾರಣವನ್ನು ಬರೆದಿಡಿ. ಅಬ್ಲೇಷನ್ ಮುಗಿದ ಮೇಲೆ ಮೊದಲಿನ ಲಯವೇ ಮರಳಿ ಬಂದರೆ, ಹಿಸ್ ಮತ್ತು ಕರೋನರಿ ಸೈನಸ್ಸಿನ ಗುರುತುಗಳು ಇನ್ನೂ ತಮ್ಮ ಜಾಗದಲ್ಲೇ ಇವೆಯೆಂದು ಮುಟ್ಟಿ ನೋಡಿ, ಅದೇ ಆಧಾರ ಮತ್ತು ಅದೇ ಕಿಟಕಿಯೊಂದಿಗೆ ಆ ನಕ್ಷೆಯನ್ನು ಬಿಟ್ಟಲ್ಲಿಂದ ಮುಂದುವರಿಸಬಹುದು.